ಮೂಕಪ್ರಾಣಿಯ ಪರವಾಗಿ ಫಿರ್ಯಾದಿ ಯಾರು?

ಯಾವುದೇ ಮೊಕದ್ದಮೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದರೆ ಮೊದಲು ಒಬ್ಬ ಫಿರ್ಯಾದಿ ಬೇಕು. ಏಟು ತಿಂದವನು ತಾನೇ ಠಾಣೆಗೆ ಹೋಗಿ ದೂರು ಕೊಡುತ್ತಾನೆ. ಮಗುವಿಗೆ ಅನ್ಯಾಯವಾದರೆ ಹೆತ್ತವರು ಹೋಗುತ್ತಾರೆ. ಆದರೆ ಹೆಗಲು ಹುಣ್ಣಾಗಿದ್ದರೂ ನೊಗ ಹೊತ್ತು, ಮಿತಿಮೀರಿ ಹೇರಿದ ಗಾಡಿಯನ್ನು ಏರುದಾರಿಯಲ್ಲಿ ಎಳೆಯುವ ಎತ್ತು ಏನು ಮಾಡಬೇಕು? ಅದಕ್ಕೆ ಬಾಯಿಲ್ಲ. ಅದನ್ನು ಕಾಯಬೇಕಾದ ಯಜಮಾನನ ಕೈಯಲ್ಲೇ ಬಾರುಕೋಲಿದೆ. ದಾರಿಹೋಕರು ಕ್ಷಣಕಾಲ ನಿಂತು, 'ಪಾಪ' ಎಂದು ಲೊಚಗುಟ್ಟಿ ಮುಂದೆ ಸಾಗುತ್ತಾರೆ.

ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಪ್ರಯತ್ನದ ಇತಿಹಾಸವೆಂದರೆ, ಈ 'ಪಾಪ' ಎಂಬ ಮಾತು ಒಂದು ದೂರಾಗಿ ಮಾರ್ಪಟ್ಟ ಇತಿಹಾಸ. ದಯೆ ಬಹಳ ಹಳೆಯದು. ದಯೆಯ ಪರವಾಗಿ ಸಾಕ್ಷಿ ಹೇಳುವ, ದಾವೆ ಹೂಡುವ ವ್ಯವಸ್ಥೆ ಮಾತ್ರ ತೀರ ಈಚಿನದು. ಅದಕ್ಕೆ ಸುಮಾರು ಇನ್ನೂರು ವರ್ಷಗಳಷ್ಟೇ ವಯಸ್ಸು.

ಕಲ್ಲಿನಲ್ಲಿ ಕೆತ್ತಿದ ಕರುಣೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುವ ಆ ಶಾಸನಗಳು ಇವೆರಡರ ಜೊತೆಯಲ್ಲೇ ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕೆಂದೂ ವಿಧಿಸುತ್ತವೆ. ಅಶೋಕನ ಬೇರೆ ಶಾಸನಗಳಲ್ಲಿ ಈ ದಯೆಗೆ ಆಡಳಿತದ ರೂಪವೂ ಬಂದಿದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದ್ದಾಗಿ ಒಂದು ಬಂಡೆಗಲ್ಲಿನ ಶಾಸನ ಹೇಳುತ್ತದೆ. ಐದನೆಯ ಸ್ತಂಭಶಾಸನವಂತೂ ಗಿಳಿ, ಗೊರವಂಕ, ಬಾವಲಿ, ಆಮೆ ಎಂದು ಕೊಲ್ಲಬಾರದ ಜೀವಿಗಳ ಪಟ್ಟಿಯನ್ನೇ ಕೊಡುತ್ತದೆ. ಗೊತ್ತುಪಡಿಸಿದ ತಿಥಿಗಳಲ್ಲಿ ಹೋರಿಗಳ ಬೀಜ ಒಡೆಯಬಾರದು, ಕುದುರೆ ಎತ್ತುಗಳಿಗೆ ಬರೆ ಹಾಕಬಾರದು ಎನ್ನುತ್ತದೆ. ಜೀವಿಗಳಿರುವ ಹೊಟ್ಟಿಗೆ ಬೆಂಕಿಯಿಡಬಾರದೆಂದೂ ಸೂಚಿಸುತ್ತದೆ.

ಕನ್ನಡ ನಾಡಿನಲ್ಲಿ ಈ ಭಾವನೆಗೆ ಬೇರೆ ಬೇರೆ ಮುಖಗಳಿವೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಸುಮಾರಿನ ವೀರಗಲ್ಲು ಒಂದು ಬೇಟೆನಾಯಿಯ ಸ್ಮಾರಕವೂ ಹೌದು. ಗಂಗರ ಇಮ್ಮಡಿ ಬೂತುಗನಿಂದ ಮಣಲೇರ ಎಂಬ ವೀರ ಬೇಡಿ ಪಡೆದ 'ಕಾಳಿ' ಎಂಬ ನಾಯಿ ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಒಟ್ಟಿಗೇ ಸತ್ತವು. ತಕ್ಕೋಲದ ಯುದ್ಧದ ಸುದ್ದಿ ಇರುವ ಕಲ್ಲಿನಲ್ಲೇ ನಾಯಿಯ ಕಥೆಗೂ ಜಾಗ ಸಿಕ್ಕಿತು. ಅದರ ಪೂಜೆಗೆ ಭೂಮಿ ಬಿಡಲಾಯಿತು. 1209ರಲ್ಲಿ ಜನ್ನ ರಚಿಸಿದ 'ಯಶೋಧರ ಚರಿತೆ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ. ಜೀವವಿಲ್ಲದ ಬೊಂಬೆಯನ್ನು ಕಡಿದರೂ ಕಡಿಯಬೇಕೆಂಬ ಸಂಕಲ್ಪವಿತ್ತಲ್ಲ, ಅದರ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನೋವುಣ್ಣುತ್ತಾರೆ. ಊರೂರಿನ ಗೋಕಟ್ಟೆಗಳು, ದನಗಳಿಗಾಗಿ ಇಟ್ಟ ಕಲ್ಲಿನ ನೀರುತೊಟ್ಟಿಗಳು, ಕಾರಹುಣ್ಣಿಮೆಯ ದಿನ ಎತ್ತುಗಳ ಮೈತೊಳೆದು ಸಿಂಗರಿಸುವ ಪದ್ಧತಿ ಇವೆಲ್ಲ ಗ್ರಂಥವಿಲ್ಲದ ಅದೇ ಧರ್ಮದ ಕುರುಹುಗಳು.

ಹೊರಗಿನಿಂದ ಬಂದವರ ಕಣ್ಣಿಗೂ ಇದು ಬಿದ್ದಿತ್ತು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಗುಜರಾತಿನ ಖಂಭಾತದಲ್ಲಿ ಹಕ್ಕಿಗಳ ಆಸ್ಪತ್ರೆಯೊಂದನ್ನು ಕಂಡು ಬೆರಗಾಗಿ ಬರೆದ. ಅದೇ ವರ್ಷದ ಕೊನೆಗೆ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನವನ್ನು ವರ್ಣಿಸಿದ ದೆಲ್ಲಾ ವಾಲೆಯೂ ಈತನೇ.

ಇಷ್ಟೆಲ್ಲ ಇದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ದಯೆ ತೋರದವನನ್ನು ಏನು ಮಾಡಬೇಕು? ಕೌಟಿಲ್ಯನ ಅರ್ಥಶಾಸ್ತ್ರ ಇದಕ್ಕೆ ಉತ್ತರ ಹುಡುಕಿದೆ. ಸಣ್ಣ ಪಶುಗಳಿಗೆ ಕೋಲಿನಿಂದ ನೋವುಂಟುಮಾಡಿದರೆ ಒಂದೆರಡು ಪಣ ದಂಡ. ರಕ್ತ ಬಂದರೆ ಇಮ್ಮಡಿ. ದೊಡ್ಡ ಪಶುವಾದರೆ ದಂಡವೂ ಇಮ್ಮಡಿ, ಮೇಲಾಗಿ ವಾಸಿಮಾಡಿಸುವ ಖರ್ಚನ್ನೂ ಕೊಡಬೇಕು. ಓದಲು ಇದು ಇಂದಿನ ಕಾನೂನಿನಂತೆಯೇ ಇದೆ. ಆದರೆ ಬೇರೊಬ್ಬನ ಪಶುವನ್ನು ಹೊಡೆದಾಗ ದೂರು ಕೊಡಲು ಅದರ ಒಡೆಯನಿದ್ದಾನೆ. ಒಡೆಯನೇ ಹೊಡೆದರೆ? ಪಶು ಸ್ವತ್ತು ಎಂಬ ಕಲ್ಪನೆಯೊಳಗೆ ಈ ಪ್ರಶ್ನೆಗೆ ಉತ್ತರ ಸಿಗುವುದು ಕಷ್ಟ.

1860ರ ಭಾರತ ದಂಡಸಂಹಿತೆಯೂ ಇದೇ ತೊಡಕಿಗೆ ಸಿಕ್ಕಿಕೊಂಡಿತ್ತು. ಅದರ 428 ಮತ್ತು 429ನೆಯ ಕಲಮುಗಳು ಪ್ರಾಣಿಯನ್ನು ಕೊಲ್ಲುವುದನ್ನು, ಅಂಗಹೀನ ಮಾಡುವುದನ್ನು ಅಪರಾಧವೆಂದವು. ಆದರೆ ಆ ಅಪರಾಧದ ಹೆಸರು 'ಕಿಡಿಗೇಡಿತನ', ಅಂದರೆ ಸ್ವತ್ತಿಗೆ ಮಾಡಿದ ಹಾನಿ. ಪ್ರಾಣಿಗೆ 10 ರೂಪಾಯಿ ಬೆಲೆಯಿದ್ದರೆ ಒಂದು ಕಲಮು, ದನ ಕುದುರೆ ಆನೆಗಳಿಗೂ 50 ರೂಪಾಯಿ ಮೇಲ್ಪಟ್ಟ ಬೇರೆ ಪ್ರಾಣಿಗಳಿಗೂ ಇನ್ನೊಂದು. ಬೆಲೆಯೇ ಇಲ್ಲದ ಬೀದಿನಾಯಿಯ ನೋವನ್ನು ಅಳೆಯಲು ಆ ತಕ್ಕಡಿಯಲ್ಲಿ ಬಟ್ಟು ಇರಲಿಲ್ಲ.

ಲಂಡನ್ನಿನ ಹೊಸ ಉಪಾಯ

ಬದಲಾವಣೆ ಮೊದಲು ಕಾಣಿಸಿದ್ದು ಇಂಗ್ಲೆಂಡಿನಲ್ಲಿ. ಅಲ್ಲಿಯ ಜನ ಹೆಚ್ಚು ದಯಾಳುಗಳಾಗಿದ್ದರೆಂದಲ್ಲ. ಗೂಳಿಯನ್ನು ಕಟ್ಟಿಹಾಕಿ ಅದರ ಮೇಲೆ ನಾಯಿಗಳನ್ನು ಛೂ ಬಿಡುವ ಆಟ ಅಲ್ಲಿ ಜನಪ್ರಿಯ ವಿನೋದವಾಗಿತ್ತು. ಅದನ್ನು ನಿಲ್ಲಿಸಲು 1800ರಲ್ಲಿ ತಂದ ಮಸೂದೆ ಬಿದ್ದುಹೋಯಿತು. 1809ರಲ್ಲಿ ಲಾರ್ಡ್ ಅರ್ಸ್ಕಿನ್ ತಂದ ಮಸೂದೆಯೂ ಬಿತ್ತು. ಕೊನೆಗೆ 1822ರಲ್ಲಿ ಐರ್ಲೆಂಡಿನ ಗಾಲ್ವೆಯ ಪ್ರತಿನಿಧಿ ರಿಚರ್ಡ್ ಮಾರ್ಟಿನ್ ಪಟ್ಟುಹಿಡಿದು ಒಂದು ಕಾಯಿದೆ ಮಾಡಿಸಿದ. ಕುದುರೆ, ದನ, ಕುರಿ ಮೊದಲಾದವನ್ನು ಕ್ರೂರವಾಗಿ ಹೊಡೆದವರಿಗೆ 10 ಷಿಲಿಂಗಿನಿಂದ 5 ಪೌಂಡಿನವರೆಗೆ ದಂಡ, ಕೊಡದಿದ್ದರೆ ಜೈಲು. ಆ ಕಾಯಿದೆಯ ನಿಜವಾದ ಹೊಸತನ ದಂಡದಲ್ಲಿರಲಿಲ್ಲ. ಹೊಡೆದವನು ಒಡೆಯನೇ ಆಗಿದ್ದರೂ ಸರಿ, ನೋಡಿದ ಮೂರನೆಯ ವ್ಯಕ್ತಿ ಪ್ರಮಾಣಮಾಡಿ ಮ್ಯಾಜಿಸ್ಟ್ರೇಟರ ಮುಂದೆ ದೂರು ಕೊಡಬಹುದಿತ್ತು. ಮೂಕಪ್ರಾಣಿಗೆ ಫಿರ್ಯಾದಿ ದೊರೆತದ್ದು ಹೀಗೆ.

ಮಾರ್ಟಿನ್ ಕಾಯಿದೆ ಮಾಡಿಸಿ ಸುಮ್ಮನೆ ಕೂರಲಿಲ್ಲ. ತಾನೇ ಬೀದಿ ಬೀದಿ ಅಲೆದು ಮೊಕದ್ದಮೆ ಹೂಡಿದ. ಏಟು ತಿಂದ ಕತ್ತೆಯನ್ನೇ ಕೋರ್ಟಿಗೆ ಕರೆತಂದು ನ್ಯಾಯಾಧೀಶರಿಗೆ ಅದರ ಗಾಯ ತೋರಿಸಿದ ಎಂಬ ಕಥೆ ಪ್ರಸಿದ್ಧವಾಗಿದೆ. ಆದರೆ ಒಬ್ಬ ಮನುಷ್ಯ ಎಷ್ಟೆಂದು ಅಲೆದಾನು? 1824ರಲ್ಲಿ ಪಾದ್ರಿ ಆರ್ಥರ್ ಬ್ರೂಮ್ ಲಂಡನ್ನಿನ ಕಾಫಿ ಅಂಗಡಿಯೊಂದರಲ್ಲಿ ಸಭೆ ಕರೆದು 'ಪ್ರಾಣಿಹಿಂಸೆ ತಡೆ ಸಂಘ'ವನ್ನು ಸ್ಥಾಪಿಸಿದ. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಕೂಡ ಆ ಸಭೆಯಲ್ಲಿದ್ದ. ಸಂಬಳ ಕೊಟ್ಟು ತನಿಖೆದಾರರನ್ನಿಟ್ಟು ಸಂತೆಗಳಿಗೆ ಕಳಿಸಿದ್ದು ಸಂಘದ ಮುಖ್ಯ ಕೆಲಸ. ಅದರ ಸಾಲ ಬೆಳೆದು ಬ್ರೂಮ್ ಸಾಲಗಾರರ ಸೆರೆಮನೆಗೂ ಹೋಗಬೇಕಾಯಿತು. ಮಾರ್ಟಿನ್ನನ ಕಾಯಿದೆಗೆ ಸೇರದೆ ಉಳಿದಿದ್ದ ಗೂಳಿಗಳಿಗೆ ರಕ್ಷಣೆ ಸಿಕ್ಕಿದ್ದು 1835ರಲ್ಲಿ. 1840ರಲ್ಲಿ ವಿಕ್ಟೋರಿಯಾ ರಾಣಿ ಸಂಘಕ್ಕೆ 'ರಾಯಲ್' ಎಂಬ ಬಿರುದು ಕೊಟ್ಟಳು.

ಮುಂಬೈಯ ನಾಯಿಗಳು, ಕಲ್ಕತ್ತದ ಗಾಡಿಗಳು

ಇದೇ ಕಾಲದಲ್ಲಿ ಭಾರತದಲ್ಲಿ ಇಂಗ್ಲಿಷರ ಆಡಳಿತವೇ ಪ್ರಾಣಿಹಿಂಸೆಯ ಆರೋಪ ಹೊತ್ತದ್ದು ವಿಚಿತ್ರ. ಮುಂಬೈಯಲ್ಲಿ ಬೀದಿನಾಯಿಗಳನ್ನು ಕೊಂದವರಿಗೆ ತಲೆಗಿಷ್ಟೆಂದು ಇನಾಮು ಕೊಡುವ ಪದ್ಧತಿಯಿತ್ತು. ಇನಾಮಿನ ಆಸೆಗೆ ಸಾಕಿದ ನಾಯಿಗಳೂ ಬಲಿಯಾದವು. ಪಾರ್ಸಿಗಳಿಗೆ ನಾಯಿ ಪವಿತ್ರ. ಅವರ ಶವಸಂಸ್ಕಾರದಲ್ಲೂ ಅದಕ್ಕೆ ಸ್ಥಾನವಿದೆ. 1832ರ ಜೂನ್ ತಿಂಗಳಲ್ಲಿ ಪಾರ್ಸಿಗಳು ದಂಗೆ ಎದ್ದರು. ಅಂಗಡಿಗಳು ಮುಚ್ಚಿದವು, ಕೋಟೆಗೆ ದಿನಸಿ ಸಾಗಣೆ ನಿಂತಿತು. ಎರಡು ವರ್ಷದ ನಂತರ, 1834ರಲ್ಲಿ, ಜಮ್‌ಷೇಟ್‌ಜಿ ಜೀಜೀಭಾಯ್ ಮೊದಲಾದ ವರ್ತಕರು ಮುಂಬೈ ಪಾಂಜರಾಪೋಳವನ್ನು ಕಟ್ಟಿದರು. ಮುದಿ ದನಗಳಿಗೂ ಬಿಡಾಡಿ ಪ್ರಾಣಿಗಳಿಗೂ ಅದು ಆಶ್ರಯವಾಯಿತು.

ಪಾಂಜರಾಪೋಳ ನಮ್ಮ ದೇಶದ ಮಾದರಿ. ನೊಂದ ಪ್ರಾಣಿಯನ್ನು ತಂದು ಸಾಕುವುದು ಅದರ ಧರ್ಮ. ನೋಯಿಸಿದವನನ್ನು ಅದು ಕೇಳುವುದಿಲ್ಲ. ಲಂಡನ್ ಮಾದರಿ ನೋಯಿಸಿದವನ ಕೊರಳಪಟ್ಟಿ ಹಿಡಿಯುತ್ತದೆ. ಆ ಮಾದರಿಯ ಸಂಘ ಭಾರತಕ್ಕೆ ಬಂದದ್ದು 1861ರಲ್ಲಿ, ಕಲ್ಕತ್ತದಲ್ಲಿ. ಚಿತ್ರಕಾರ ಕೋಲ್ಸ್‌ವರ್ದಿ ಗ್ರಾಂಟ್ ಅದರ ಸ್ಥಾಪಕ. 1874ರಲ್ಲಿ ಮುಂಬೈಯಲ್ಲೂ ಸಂಘ ಹುಟ್ಟಿತು. 1869ರಲ್ಲಿ ಬಂಗಾಳಕ್ಕೂ, 1890ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಅನ್ವಯಿಸುವಂತೆಯೂ ಕಾಯಿದೆಗಳಾದವು.

1890ರ ಕಾಯಿದೆಯಲ್ಲಿ ಒಂದು ಸೋಜಿಗವಿತ್ತು. ಸಾರ್ವಜನಿಕರು ಓಡಾಡುವ ಜಾಗದಲ್ಲಿ, ಅಥವಾ ಅಲ್ಲಿಂದ ಕಣ್ಣಿಗೆ ಬೀಳುವಂತೆ ಹಿಂಸಿಸಿದರೆ ಮಾತ್ರ ಅದು ಅಪರಾಧ. ಗೋಡೆಯ ಮರೆಯಲ್ಲಿ ಹೊಡೆದರೆ ಕಾನೂನಿಗೆ ಕಣ್ಣಿಲ್ಲ. ಹೀಗಾಗಿ ಕಾನೂನಿನ ಕೈಗೆ ಸಿಕ್ಕವರು ಬಹುಮಟ್ಟಿಗೆ ಬೀದಿಯಲ್ಲೇ ಬದುಕುವ ಬಡವರು, ಗಾಡಿ ಹೊಡೆಯುವವರು, ಜಟಕಾದವರು. ಬಿಡಾರ ಹೂಡಿ ಹುಲಿ ಬೇಟೆಯಾಡುವ ದೊರೆಗಳನ್ನೂ ಅವರ ಅತಿಥಿಗಳನ್ನೂ ಯಾರೂ ಪ್ರಶ್ನಿಸುವಂತಿರಲಿಲ್ಲ.

ಈ ಪಕ್ಷಪಾತ 1930ರಲ್ಲಿ ರಕ್ತಪಾತಕ್ಕೇ ಕಾರಣವಾಯಿತು. ಬೇಸಿಗೆಯ ನಡುಮಧ್ಯಾಹ್ನ ಎಮ್ಮೆಕೋಣಗಳಿಂದ ಗಾಡಿ ಎಳೆಸಬಾರದೆಂದು ಕಲ್ಕತ್ತದಲ್ಲಿ ನಿಯಮ ಬಂತು. ಪ್ರಾಣಿದಯೆಯ ದೃಷ್ಟಿಯಿಂದ ಅದು ಸರಿಯಾದ ನಿಯಮವೇ. ಆದರೆ ಆ ಹೊತ್ತಿನ ಬಾಡಿಗೆ ತಪ್ಪಿದರೆ ಗಾಡಿಯವನ ಮನೆಯ ಒಲೆ ಉರಿಯುವುದು ಹೇಗೆಂದು ಯಾರೂ ಯೋಚಿಸಲಿಲ್ಲ. ಏಪ್ರಿಲ್ 1ರಂದು ಗಾಡಿಯವರು ರಸ್ತೆಗೆ ಅಡ್ಡಲಾಗಿ ಗಾಡಿಗಳನ್ನು ನಿಲ್ಲಿಸಿ ಮುಷ್ಕರ ಹೂಡಿದರು. ಪೊಲೀಸರು ಗುಂಡು ಹಾರಿಸಿದರು, ಸಾವುಗಳಾದವು. ಮೂಕಪ್ರಾಣಿಯ ಪರವಾಗಿ ನಿಂತವರು ಅದರ ಜೊತೆಯಲ್ಲೇ ಬೆವರು ಸುರಿಸುವ ಮನುಷ್ಯನನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಇದೊಂದು ಪಾಠ.

ನೃತ್ಯಗಾತಿ ತಂದ ಮಸೂದೆ

ಸ್ವಾತಂತ್ರ್ಯ ಬಂದ ಮೇಲೆ 1890ರ ಹಳೆಯ ಕಾಯಿದೆಗೆ ಸವಾಲೆಸೆದವರು ಭರತನಾಟ್ಯದ ಪುನರುಜ್ಜೀವನಕ್ಕೆ ಹೆಸರಾದ ರುಕ್ಮಿಣಿದೇವಿ ಅರುಂಡೇಲ್. 1904ರಲ್ಲಿ ಮಧುರೆಯಲ್ಲಿ ಹುಟ್ಟಿ, 1936ರಲ್ಲಿ ಮದ್ರಾಸಿನಲ್ಲಿ ಕಲಾಕ್ಷೇತ್ರವನ್ನು ಕಟ್ಟಿದ ಅವರನ್ನು 1952ರಲ್ಲಿ ರಾಜ್ಯಸಭೆಗೆ ನಾಮಕರಣ ಮಾಡಲಾಯಿತು. ಕಲಾವಿದೆಯೆಂದು ಕರೆತಂದವರ ನಿರೀಕ್ಷೆಗೆ ಮೀರಿ, ಅವರು 1953ರಲ್ಲಿ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು.

ಮಸೂದೆಯ ಚರ್ಚೆ ನಡೆದಾಗ ಪ್ರಧಾನಿ ನೆಹರೂ ಅದರ ಉದ್ದೇಶವನ್ನು ಒಪ್ಪಿದರೂ ಇದ್ದ ರೂಪದಲ್ಲೇ ಸ್ವೀಕರಿಸಲು ಒಪ್ಪಲಿಲ್ಲ. ಸರ್ಕಾರವೇ ಸಮಿತಿ ನೇಮಿಸಿ ಸಮಗ್ರ ಕಾಯಿದೆ ತರುವುದೆಂದು ಭರವಸೆ ಸಿಕ್ಕಿತು. ರುಕ್ಮಿಣಿದೇವಿ ಮಸೂದೆಯನ್ನು ಹಿಂತೆಗೆದುಕೊಂಡರು. ಇಂಥ ಭರವಸೆಗಳು ಕಡತದಲ್ಲೇ ಮಲಗುವುದು ಸಾಮಾನ್ಯ. ಇಲ್ಲಿ ಹಾಗಾಗಲಿಲ್ಲ. 1960ರ ಡಿಸೆಂಬರಿನಲ್ಲಿ 'ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ' ಜಾರಿಯ ಹಾದಿ ಹಿಡಿಯಿತು. ಅದರಂತೆ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಲಿ ಸ್ಥಾಪನೆಯಾಯಿತು. ರುಕ್ಮಿಣಿದೇವಿಯೇ ಅದರ ಮೊದಲ ಅಧ್ಯಕ್ಷೆ. 1977ರಲ್ಲಿ ಮೊರಾರ್ಜಿ ದೇಸಾಯಿ ಅವರು ರಾಷ್ಟ್ರಪತಿ ಹುದ್ದೆಗೆ ಆಹ್ವಾನಿಸಿದಾಗ ಅವರು ಒಪ್ಪಲಿಲ್ಲ. 1986ರಲ್ಲಿ ತೀರಿಕೊಂಡರು.

ಹೊಸ ಕಾಯಿದೆ ಗೋಡೆಯ ಮರೆಯನ್ನು ತೆಗೆದುಹಾಕಿತು. ಮನೆಯೊಳಗೋ ಬೀದಿಯಲ್ಲೋ, ಕ್ರೌರ್ಯ ಕ್ರೌರ್ಯವೇ. ಪ್ರಾಣಿಯನ್ನು ಇಟ್ಟುಕೊಂಡವನು ಅದರ ಕ್ಷೇಮ ನೋಡಿಕೊಳ್ಳಬೇಕಾದದ್ದು ಕರ್ತವ್ಯ ಎಂದು ಮೂರನೆಯ ಕಲಮು ಸಾರಿತು. ಹನ್ನೊಂದನೆಯ ಕಲಮು ಕ್ರೌರ್ಯದ ಬಗೆಗಳನ್ನು ಪಟ್ಟಿಮಾಡಿತು. ಹೊಡೆಯುವುದು ಒದೆಯುವುದಷ್ಟೇ ಅಲ್ಲ. ಮಿತಿಮೀರಿ ಹೇರುವುದು, ಕುಂಟುವ ಅಥವಾ ಹುಣ್ಣಾದ ಪ್ರಾಣಿಯಿಂದ ದುಡಿಸುವುದು, ಮೈ ತಿರುಗಿಸಲಾಗದ ಪಂಜರದಲ್ಲಿಡುವುದು, ಗಿಡ್ಡ ಸರಪಳಿಯಲ್ಲಿ ಸದಾ ಕಟ್ಟಿಹಾಕುವುದು, ಮೇವು ನೀರು ಕೊಡದಿರುವುದು, ಕಾಳಗಕ್ಕೆ ಬಿಡುವುದು, ಸಾಕಿದ್ದನ್ನು ಬೀದಿಪಾಲು ಮಾಡುವುದು ಎಲ್ಲವೂ ಅಪರಾಧ. ಹಾಲಿನಾಸೆಗೆ ಹಸುವಿನ ಗುಪ್ತಾಂಗಕ್ಕೆ ಗಾಳಿ ಊದುವ 'ಫೂಕಾ' ಎಂಬ ಕ್ರೂರ ಪದ್ಧತಿಗೆ ಬೇರೆಯೇ ಕಲಮು ಇದೆ. 1965ರ ನಿಯಮಗಳು ಇನ್ನೂ ಸೂಕ್ಷ್ಮಕ್ಕೆ ಇಳಿದವು. ಕತ್ತೆಯ ಬೆನ್ನಿಗೆ 50 ಕಿಲೋಗಿಂತ ಹೆಚ್ಚು ಹೇರಬಾರದು. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು. ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ವಿಶ್ರಾಂತಿ. ಕಲ್ಕತ್ತದ ಬೀದಿಯಲ್ಲಿ ರಕ್ತ ಹರಿಸಿದ ಆ ಮಧ್ಯಾಹ್ನದ ಬಿಡುವು ಹೀಗೆ ಇಡೀ ದೇಶದ ನಿಯಮವಾಯಿತು.

1976ರಲ್ಲಿ ಸಂವಿಧಾನಕ್ಕೆ ಸೇರಿದ 51-ಎ ವಿಧಿ ಜೀವಿಗಳ ಬಗ್ಗೆ ದಯೆಯನ್ನು ಪ್ರಜೆಗಳ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಎಣಿಸಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ, 1959ರಲ್ಲಿ, ದೇವಸ್ಥಾನಗಳಲ್ಲಿ ಪ್ರಾಣಿಬಲಿ ನಿಷೇಧಿಸುವ ಕಾಯಿದೆಯಾಗಿತ್ತು.

ಹತ್ತು ರೂಪಾಯಿಯ ನ್ಯಾಯ

ಇಷ್ಟು ವಿವರವಾದ ಕಾಯಿದೆಯ ಹಲ್ಲು ಮಾತ್ರ ಮೊಂಡು. ಹನ್ನೊಂದನೆಯ ಕಲಮಿನಡಿ ಮೊದಲ ಸಲ ತಪ್ಪು ಮಾಡಿದವನಿಗೆ 10ರಿಂದ 50 ರೂಪಾಯಿ ದಂಡ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಶಿಕ್ಷೆ ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರಲ್ಲಿ ಪ್ರಕಟಿಸಿ ಜನಾಭಿಪ್ರಾಯ ಕೇಳಿತು.

ಆದರೆ ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ, ಅಂಗಹೀನ ಮಾಡಿದರೆ ಮಾತು ಬೇರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಹಳೆಯ 10 ಮತ್ತು 50 ರೂಪಾಯಿಯ ಬೆಲೆಪಟ್ಟಿಯನ್ನು ಕೈಬಿಟ್ಟಿತು. ಯಾವ ಪ್ರಾಣಿಯಾದರೂ ಐದು ವರ್ಷದವರೆಗೆ ಸಜೆ ವಿಧಿಸಬಹುದು. ಬೀದಿನಾಯಿಗೂ ಕುದುರೆಗೂ ಒಂದೇ ತಕ್ಕಡಿ ಬಂದದ್ದು ಹೀಗೆ, ನೂರಅರವತ್ತು ವರ್ಷ ಕಳೆದ ಮೇಲೆ. ಆ ಅಪರಾಧ ಈಗಲೂ 'ಕಿಡಿಗೇಡಿತನ'ದ ಸಾಲಿನಲ್ಲೇ ಇದೆ ಎಂಬುದನ್ನೂ ಮರೆಯುವಂತಿಲ್ಲ.

ದೂರು ಕೊಡುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಮೊದಲನೆಯದು ಅವಧಿ. 1960ರ ಕಾಯಿದೆಯಡಿ ಘಟನೆ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು, ತಡವಾದರೆ ಕೈತಪ್ಪುತ್ತದೆ. ಎರಡನೆಯದು ಪೊಲೀಸರ ಅಧಿಕಾರ. ಪ್ರಾಣಿಯನ್ನು ಅಂಗಹೀನಗೊಳಿಸುವುದು, ಕ್ರೂರವಾಗಿ ಕೊಲ್ಲುವುದು, ಕಾಳಗದ ಅಖಾಡ ನಡೆಸುವುದು, 'ಫೂಕಾ' ಮುಂತಾದವುಗಳಲ್ಲಿ ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದು. ಹೆಚ್ಚು ಹೊರೆ, ಉಪವಾಸ, ಗಿಡ್ಡ ಸರಪಳಿಯಂಥ ದೂರುಗಳಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಬೇಕಾಗುತ್ತದೆ. ಠಾಣೆಯಲ್ಲಿ 'ಇದು ನಮಗೆ ಬರುವುದಿಲ್ಲ' ಎಂದಾಗ ಹಿಂತಿರುಗದೆ, ದೂರನ್ನು ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯುವುದು ಇದಕ್ಕಾಗಿಯೇ ಮುಖ್ಯ. ಮೂರನೆಯದು ಸಾಕ್ಷ್ಯ. ಎಲ್ಲಿ, ಯಾವಾಗ, ಏನು ಕಂಡಿರಿ, ಜೊತೆಗೆ ಯಾರಿದ್ದರು ಎಂಬುದನ್ನು ಅಂದೇ ಬರೆದಿಡುವುದು, ಗಾಡಿಯ ನಂಬರು ಗುರುತಿಸುವುದು, ಛಾಯಾಚಿತ್ರ ತೆಗೆಯುವುದು, ಪಶುವೈದ್ಯರಿಂದ ಗಾಯದ ಬಗ್ಗೆ ಬರೆಸಿಕೊಳ್ಳುವುದು ಇವೇ ಕೋರ್ಟಿನಲ್ಲಿ ನಿಲ್ಲುವ ಮಾತುಗಳು. ಪ್ರತಿ ಜಿಲ್ಲೆಯಲ್ಲೂ ಪ್ರಾಣಿಹಿಂಸೆ ತಡೆ ಸಂಘವಿರಬೇಕೆಂದು 2001ರ ನಿಯಮಗಳು ಹೇಳುತ್ತವೆ. ನಮ್ಮ ಜಿಲ್ಲೆಯಲ್ಲಿ ಅದು ಕೆಲಸ ಮಾಡುತ್ತಿದೆಯೇ ಎಂದು ಕೇಳುವುದೂ ನಾಗರಿಕರ ಹಕ್ಕು. ಜೀವ ಹೋಗುವ ಸಂದರ್ಭವಾದರೆ 112ಕ್ಕೆ ಕರೆ ಮಾಡಬಹುದು.

ಕರಡಿ ಕುಣಿಸುವವರ ಉದಾಹರಣೆ

ದೂರೇ ಎಲ್ಲಕ್ಕೂ ಮದ್ದೆಂದು ತಿಳಿಯಬಾರದು. ಸಂಪ್ರದಾಯ, ಜೀವನೋಪಾಯಗಳು ಬೆರೆತಲ್ಲಿ ಪ್ರಶ್ನೆ ಕಗ್ಗಂಟಾಗುತ್ತದೆ. ಸುಪ್ರೀಂ ಕೋರ್ಟು 2014ರ ಮೇ 7ರಂದು ಜಲ್ಲಿಕಟ್ಟನ್ನೂ ಎತ್ತಿನಗಾಡಿ ಓಟವನ್ನೂ ನಿಷೇಧಿಸಿದಾಗ ಕರಾವಳಿಯ ಕಂಬಳಕ್ಕೂ ಕುತ್ತು ಬಂತು. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕೋಣಗಳನ್ನು ಮನೆಮಕ್ಕಳಂತೆ ಸಾಕುವವರ ಮಾತಿನಲ್ಲಿ ಸತ್ಯವಿದೆ. ಗದ್ದೆಯಲ್ಲಿ ಬೀಸುವ ಬೆತ್ತವನ್ನು ಕಂಡು ನೊಂದವರ ಮಾತಿನಲ್ಲೂ ಸತ್ಯವಿದೆ. ಆಟ ಉಳಿದಿದೆ ಎಂದ ಮಾತ್ರಕ್ಕೆ ಏಟಿಗೆ ಪರವಾನಗಿ ಸಿಕ್ಕಿದೆಯೆಂದು ಅರ್ಥವಲ್ಲ.

ಇಂಥ ಕಗ್ಗಂಟನ್ನು ಬಿಡಿಸಿದ ಒಂದು ಉದಾಹರಣೆ ನಮ್ಮ ಕಣ್ಣೆದುರಿಗೇ ಇದೆ. ಒಂದು ಕಾಲಕ್ಕೆ ಕರಡಿ ಕುಣಿಸುವವರನ್ನು ಕಾಣದ ಊರಿರಲಿಲ್ಲ. ಮರಿಯ ಮೂತಿಯನ್ನು ಕಾದ ಕಬ್ಬಿಣದಿಂದ ತೂತುಮಾಡಿ ಹಗ್ಗ ಪೋಣಿಸುತ್ತಿದ್ದರು. ಆ ಹಗ್ಗದ ನೋವೇ ಕುಣಿತ. ಕಾನೂನು ಮೊದಲೇ ಇದ್ದರೂ ಪದ್ಧತಿ ನಿಂತಿರಲಿಲ್ಲ. ಕರಡಿಯನ್ನು ಒಪ್ಪಿಸಿದ ಖಲಂದರ್ ಕುಟುಂಬಕ್ಕೆ ಬೇರೆ ಕಸುಬಿಗೆ ನೆರವು, ಮಕ್ಕಳಿಗೆ ಶಾಲೆ ಎಂಬ ಏರ್ಪಾಡಾದ ಮೇಲೆ ಕರಡಿಗಳು ಒಂದೊಂದಾಗಿ ಆಗ್ರಾ, ಬನ್ನೇರುಘಟ್ಟ ಮುಂತಾದ ಕಡೆಗಳ ಧಾಮಗಳಿಗೆ ಬಂದು ಸೇರಿದವು. 2009ರ ಕೊನೆಗೆ ಬನ್ನೇರುಘಟ್ಟಕ್ಕೆ ಬಂದ ಕರಡಿಯೊಂದಿಗೆ, ಶತಮಾನಗಳ ಆ ಪದ್ಧತಿ ದೇಶದಲ್ಲಿ ಮುಗಿಯಿತೆಂದು ಗುರುತಿಸಲಾಯಿತು. 1930ರ ಕಲ್ಕತ್ತದಲ್ಲಿ ಮರೆತದ್ದನ್ನು ಇಲ್ಲಿ ನೆನಪಿಟ್ಟುಕೊಂಡಿದ್ದರು.

ಅಶೋಕ ಕಲ್ಲಿನ ಮೇಲೆ ಬರೆಸಿದ. ಮಾರ್ಟಿನ್ ಬೀದಿ ಅಲೆದ. ರುಕ್ಮಿಣಿದೇವಿ ಪ್ರಧಾನಿಯ ಎದುರು ಮಸೂದೆ ಹಿಡಿದು ನಿಂತರು. ಇವರೆಲ್ಲರೂ ಸೇರಿ ದಾರಿಹೋಕನ ಕೈಗೆ ಒಂದು ಅಧಿಕಾರವನ್ನು ಕೊಟ್ಟುಹೋಗಿದ್ದಾರೆ. ದಂಡ ಹತ್ತು ರೂಪಾಯಿಯೇ ಇರಬಹುದು. ಆದರೂ ಹುಣ್ಣಾದ ಎತ್ತಿನ ನೊಗ ಇಳಿಸು ಎಂದು ಗಾಡಿಯವನಿಗೆ ಹೇಳುವ, ಕೇಳದಿದ್ದರೆ ಠಾಣೆಗೆ ಬರೆದುಕೊಡುವ ಹಕ್ಕು ಅದನ್ನು ಕಂಡ ಯಾರಿಗಾದರೂ ಇದೆ. ಬಾಯಿಲ್ಲದ ಪ್ರಾಣಿಗೆ ಕಾನೂನು ಕೊಟ್ಟ ಬಾಯಿ ನಮ್ಮದು. ಅದನ್ನು 'ಪಾಪ' ಎನ್ನುವುದಕ್ಕಷ್ಟೇ ಬಳಸಿ ಮುಂದೆ ಸಾಗಿದರೆ ಆ ಎತ್ತಿಗೆ ಬೇರೆ ಫಿರ್ಯಾದಿ ಇಲ್ಲ.